250ನೇ ಆಯ್ಕೆ: ನಂಬಿಕೆಯನ್ನು ಎಣಿಸುವುದು ಹೇಗೆ?

 

ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಸರಾಸರಿ ಎಂಬ ಮಾತು ಬಂದರೆ ಸಾಕು, ನಾನು ಕ್ರಿಕೆಟ್ ಉದಾಹರಣೆಗೇ ಹೋಗುತ್ತೇನೆ ಎಂಬುದು ನಿಮ್ಮ ದೂರು. ಆದ್ದರಿಂದ ಈ ಸಂಚಿಕೆಗೆ ನಮ್ಮ ಊರಿನಲ್ಲಿ ಯಾರೂ ಆಡದ ಆಟವೊಂದನ್ನು ಆರಿಸಿಕೊಂಡಿದ್ದೇನೆ. ಆಟ ಐಸ್ ಹಾಕಿ. ಆಟಗಾರ ಫಿನ್ಲೆಂಡಿನ ಕಿಮ್ಮೊ ಟಿಮೊನೆನ್. ಅವರು ಗೋಲು ಹೊಡೆಯುವುದರಲ್ಲಿ ಜಗತ್ಪ್ರಸಿದ್ಧರಾದವರಲ್ಲ. ಗೋಲು ಆಗದಂತೆ ನೋಡಿಕೊಳ್ಳುವ ಡಿಫೆಂಡರ್, ಅಂದರೆ ರಕ್ಷಣಾ ಆಟಗಾರ.

ಈ ಪಾಠದ ಪ್ರಶ್ನೆ ಒಂದೇ. ಗೋಲು ಹೊಡೆದವನ ಕೆಲಸವನ್ನು ಎಣಿಸುವುದು ಸುಲಭ. ಆಗಬಹುದಾಗಿದ್ದ ಗೋಲು ಆಗದ ಹಾಗೆ ತಡೆದವನ ಕೆಲಸವನ್ನು ಎಣಿಸುವುದು ಹೇಗೆ? ಆಗದೇ ಹೋದ ಸಂಗತಿ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಆದರೆ ತಂಡ ನಿಂತಿರುವುದು ಅದರ ಮೇಲೆಯೇ.

ಆಟದ ಪರಿಚಯ

ಐಸ್ ಹಾಕಿಯನ್ನು ಮಂಜುಗಡ್ಡೆಯ ಅಂಗಳದಲ್ಲಿ ಸ್ಕೇಟ್ ತೊಟ್ಟು ಆಡುತ್ತಾರೆ. ನಮ್ಮ ದೇಶದಲ್ಲಿ ಈ ಆಟ ಹೆಚ್ಚಾಗಿ ನಡೆಯುವುದು ಚಳಿಗಾಲದ ಲಡಾಖ್‌ನಲ್ಲಿ. ಇಲ್ಲಿ ಚೆಂಡಿಲ್ಲ. ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇದೆ. ಅದು ಮೂರು ಇಂಚು ಅಗಲ, ಒಂದು ಇಂಚು ದಪ್ಪ. ತೂಕ ಸುಮಾರು 160 ಗ್ರಾಂ, ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟೇ. ಬಲವಾದ ಹೊಡೆತದಲ್ಲಿ ಅದರ ವೇಗ ಗಂಟೆಗೆ 150 ಕಿ.ಮೀ. ದಾಟುವುದುಂಟು.

ಒಂದು ತಂಡದಿಂದ ಒಂದು ಸಲಕ್ಕೆ ಆರು ಮಂದಿ ಅಂಗಳದಲ್ಲಿರುತ್ತಾರೆ. ಮೂವರು ಮುಂದಾಳುಗಳು, ಇಬ್ಬರು ರಕ್ಷಣಾ ಆಟಗಾರರು, ಒಬ್ಬ ಗೋಲ್‌ಕೀಪರ್. ಪಂದ್ಯ 20 ನಿಮಿಷಗಳ ಮೂರು ಭಾಗಗಳಲ್ಲಿ ನಡೆಯುತ್ತದೆ. ಓಟ ಎಷ್ಟು ಜೋರು ಎಂದರೆ ಒಬ್ಬ ಆಟಗಾರ ಸುಮಾರು ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಮರಳುತ್ತಾನೆ, ಇನ್ನೊಬ್ಬ ಇಳಿಯುತ್ತಾನೆ. ಮತ್ತೆ ಮತ್ತೆ ಹೀಗೆ ಇಳಿದು ಹತ್ತಿ, ತಂಡದ ಮುಖ್ಯ ರಕ್ಷಣಾ ಆಟಗಾರ 60 ನಿಮಿಷದಲ್ಲಿ 20ರಿಂದ 25 ನಿಮಿಷ ಆಡುತ್ತಾನೆ.

ಈ ಆಟದ ಅತಿ ದೊಡ್ಡ ಲೀಗ್ ಉತ್ತರ ಅಮೆರಿಕದ ಎನ್‌ಎಚ್‌ಎಲ್. ಅದರ ಕಪ್‌ನ ಹೆಸರು ಸ್ಟ್ಯಾನ್ಲಿ ಕಪ್. ಟಿಮೊನೆನ್ ಆಡುತ್ತಿದ್ದ ಕಾಲದಲ್ಲಿ ಸಾಮಾನ್ಯ ಸೀಸನ್‌ನಲ್ಲಿ ಪ್ರತಿ ತಂಡ 82 ಪಂದ್ಯ ಆಡುತ್ತಿತ್ತು. ಆಮೇಲೆ ಮುಂದಿನ ತಂಡಗಳಿಗೆ ಮಾತ್ರ ಪ್ಲೇಆಫ್. ಅಲ್ಲಿ ಪ್ರತಿ ಸುತ್ತಿನಲ್ಲೂ ಎದುರಾಳಿಯನ್ನು ನಾಲ್ಕು ಪಂದ್ಯಗಳಲ್ಲಿ ಸೋಲಿಸಬೇಕು.

ರಕ್ಷಣಾ ಆಟಗಾರ ಏನು ಮಾಡುತ್ತಾನೆ?

ಎದುರಾಳಿ ಪಕ್ ಹಿಡಿದು ವೇಗವಾಗಿ ಬರುತ್ತಿದ್ದಾನೆ ಎಂದುಕೊಳ್ಳಿ. ರಕ್ಷಣಾ ಆಟಗಾರ ಅವನಿಗೆ ಮುಖ ಮಾಡಿಕೊಂಡೇ ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಾನೆ. ಅವನ ಕಣ್ಣು ಪಕ್‌ನ ಮೇಲಿರಬಾರದು, ಎದುರಾಳಿಯ ಎದೆಯ ಮೇಲಿರಬೇಕು. ಕೈ ಮತ್ತು ಕೋಲು ಮೋಸ ಮಾಡಬಹುದು, ದೇಹದ ನಡುಭಾಗ ಹೋಗುವ ದಿಕ್ಕನ್ನು ಬಚ್ಚಿಡಲಾರದು. ತುಂಬ ಹತ್ತಿರ ಹೋದರೆ ಎದುರಾಳಿ ಪಕ್ಕದಿಂದ ನುಸುಳುತ್ತಾನೆ. ತುಂಬ ದೂರ ಉಳಿದರೆ ಅವನಿಗೆ ಗುರಿಯಿಡಲು ಸಮಯ ಸಿಗುತ್ತದೆ. ಆ ನಡುವಿನ ಅಂತರವನ್ನು ಕ್ಷಣ ಕ್ಷಣಕ್ಕೂ ಕಾಪಾಡಿಕೊಳ್ಳುವುದೇ ಈ ಕೆಲಸದ ಅರ್ಧ ವಿದ್ಯೆ.

ಇನ್ನರ್ಧ ವಿದ್ಯೆ ಜ್ಯಾಮಿತಿ. ಗೋಲಿನ ಅಗಲ 6 ಅಡಿ. ಅದರ ನಟ್ಟನಡುವೆ, ನೇರ ಎದುರಿಗೆ 20 ಅಡಿ ದೂರದಲ್ಲಿ ನಿಂತವನ ಕಣ್ಣಿಗೆ ಎರಡು ಕಂಬಗಳ ನಡುವಿನ ಕೋನ ಸುಮಾರು 17 ಡಿಗ್ರಿ. ಅವನನ್ನು ಪಕ್ಕದ ಗೋಡೆಯ ಕಡೆಗೆ ತಳ್ಳುತ್ತಾ ಗೋಲಿನ ಗೆರೆಯ ಹತ್ತಿರಕ್ಕೆ ಒಯ್ದರೆ ಆ ಕೋನ ಕುಗ್ಗುತ್ತಾ ಸೊನ್ನೆಯತ್ತ ಹೋಗುತ್ತದೆ. ಅಂದರೆ ಒಳ್ಳೆಯ ರಕ್ಷಣಾ ಆಟಗಾರ ಪಕ್ಕನ್ನು ಕಿತ್ತುಕೊಳ್ಳದೆಯೂ ಗೆಲ್ಲಬಹುದು. ಎದುರಾಳಿಯನ್ನು ಕೆಟ್ಟ ಕೋನಕ್ಕೆ ಒಯ್ದರೆ ಸಾಕು. ನೋಡುವವರಿಗೆ ಅಲ್ಲಿ ಏನೂ ನಡೆದಂತೆ ಕಾಣುವುದಿಲ್ಲ.

ಪಕ್ ಸಿಕ್ಕ ಮೇಲೆ ಅದನ್ನು ತಡಮಾಡದೆ, ತಪ್ಪದೆ ತನ್ನ ಮುಂದಾಳಿಗೆ ತಲುಪಿಸಬೇಕು. ಟಿಮೊನೆನ್ ಇದರಲ್ಲಿ ಪಳಗಿದ ಕೈ. ಅವರ ಎತ್ತರ 178 ಸೆಂ.ಮೀ. ದೈತ್ಯರೇ ತುಂಬಿದ ಈ ಕೆಲಸಕ್ಕೆ ಅದು ಕಡಿಮೆ ಎತ್ತರ. ಮೈಬಲದಲ್ಲಿ ತಳ್ಳಿ ಗೆಲ್ಲುವುದು ಅವರಿಗೆ ಸಾಧ್ಯವಿರಲಿಲ್ಲ. ಸರಿಯಾದ ಜಾಗದಲ್ಲಿ ಮೊದಲೇ ಇರುವುದೇ ಅವರ ದಾರಿಯಾಯಿತು.

286ರಲ್ಲಿ 250

ಫಿನ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ, ನಮ್ಮ ಬೆಂಗಳೂರು ನಗರಕ್ಕಿಂತ ಕಡಿಮೆ. ಆ ದೇಶದ ಪೂರ್ವ ಭಾಗದಲ್ಲಿ ಕಲ್ಲವೆಸಿ ಎಂಬ ಸರೋವರದ ದಡದಲ್ಲಿರುವ ಊರು ಕುವೊಪಿಯೊ. ಟಿಮೊನೆನ್ ಹುಟ್ಟಿದ್ದು ಅಲ್ಲಿ, 1975ರ ಮಾರ್ಚ್ 18ರಂದು. ಅಲ್ಲಿನ ಕಲ್‌ಪಾ ಕ್ಲಬ್‌ನಲ್ಲಿ ಅವರ ಆಟ ಶುರುವಾಯಿತು.

ಎನ್‌ಎಚ್‌ಎಲ್ ಕ್ಲಬ್‌ಗಳು ಪ್ರತಿವರ್ಷ ಡ್ರಾಫ್ಟ್ ಎಂಬ ಆಯ್ಕೆ ನಡೆಸುತ್ತವೆ. ಹದಿಹರೆಯದ ಆಟಗಾರರನ್ನು ಸರದಿಯಂತೆ ಒಬ್ಬೊಬ್ಬರಾಗಿ ಕರೆಯುತ್ತಾರೆ. ಮೊದಲು ಕರೆದವನಿಗೆ ಹೆಚ್ಚು ಬೆಲೆ. ನಿಮ್ಮ ಸಿಇಟಿ ರ‍್ಯಾಂಕ್ ಪಟ್ಟಿಯ ಹಾಗೆಯೇ, ವ್ಯತ್ಯಾಸ ಇಷ್ಟೆ: ಇಲ್ಲಿ ಪರೀಕ್ಷೆ ಇಲ್ಲ, ನೋಡಿದವರ ಅಂದಾಜು ಮಾತ್ರ. 1993ರಲ್ಲಿ 26 ಕ್ಲಬ್‌ಗಳು 11 ಸುತ್ತುಗಳಲ್ಲಿ ಒಟ್ಟು 286 ಮಂದಿಯನ್ನು ಆರಿಸಿದವು. 18 ವರ್ಷದ ಟಿಮೊನೆನ್ ಅವರನ್ನು ಲಾಸ್ ಏಂಜಲೀಸ್ ಕಿಂಗ್ಸ್ ಕ್ಲಬ್ ಹತ್ತನೇ ಸುತ್ತಿನಲ್ಲಿ ಕರೆಯಿತು. ಅವರ ಸಂಖ್ಯೆ 250. ಅವರಿಗಿಂತ ಮುಂದೆ 249 ಹೆಸರುಗಳು, ಹಿಂದೆ ಕೇವಲ 36.

ಹೀಗೆ ಕರೆದ ಮೇಲೂ ಕರೆಸಿಕೊಳ್ಳಲಿಲ್ಲ. ಮುಂದಿನ ಐದು ವರ್ಷ ಅವರು ಫಿನ್ಲೆಂಡಿನಲ್ಲೇ ಆಡಿದರು. ಟುರ್ಕು ನಗರದ ಟಿಪಿಎಸ್ ತಂಡದೊಂದಿಗೆ 1995ರಲ್ಲಿ, ಹೆಲ್ಸಿಂಕಿಯ ಎಚ್‌ಐಎಫ್‌ಕೆ ತಂಡದೊಂದಿಗೆ 1998ರಲ್ಲಿ ದೇಶದ ಚಾಂಪಿಯನ್ ಪಟ್ಟ ಗೆದ್ದರು. ಅದೇ 1998ರ ಫೆಬ್ರುವರಿಯಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡ್ ಕಂಚು ಗೆದ್ದಾಗ ತಂಡದಲ್ಲಿದ್ದರು. ಆಗಲೂ ಅವರು ಎನ್‌ಎಚ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯ ಆಡಿರಲಿಲ್ಲ.

ಆ ಬೇಸಿಗೆಯಲ್ಲಿ ನಡೆದ ವ್ಯವಹಾರ ಗಮನಿಸಿ. ನ್ಯಾಷ್‌ವಿಲ್ ನಗರದಲ್ಲಿ ಪ್ರಿಡೇಟರ್ಸ್ ಎಂಬ ಹೊಸ ಕ್ಲಬ್ ಹುಟ್ಟಿತು. ಹಳೆಯ ಕ್ಲಬ್‌ಗಳ ಆಟಗಾರರಲ್ಲಿ ಕೆಲವರನ್ನು ಆರಿಸಿಕೊಳ್ಳುವ ಹಕ್ಕು ಅದಕ್ಕಿತ್ತು. ತನ್ನ ಹಿರಿಯ ರಕ್ಷಣಾ ಆಟಗಾರ ಗ್ಯಾರಿ ಗ್ಯಾಲಿ ಕೈತಪ್ಪಿ ಹೋಗಬಾರದೆಂದು ಕಿಂಗ್ಸ್ ಕ್ಲಬ್ ಒಂದು ಒಪ್ಪಂದ ಮಾಡಿಕೊಂಡಿತು. 'ಅವರನ್ನು ಮುಟ್ಟಬೇಡಿ, ಬದಲಿಗೆ ಯಾನ್ ವೋಪಾಟ್ ಮತ್ತು ಟಿಮೊನೆನ್ ಇಬ್ಬರನ್ನೂ ತೆಗೆದುಕೊಳ್ಳಿ' ಎಂಬುದು ಅದರ ಸಾರ. ಒಬ್ಬರನ್ನು ಉಳಿಸಿಕೊಳ್ಳಲು ಕೊಟ್ಟ ಬೆಲೆಯಾಗಿ ಟಿಮೊನೆನ್ ಹೊಸ ಊರಿಗೆ ಬಂದರು. ಮೊದಲ ಸೀಸನ್‌ನಲ್ಲಿ ಕೆಲಕಾಲ ಕೆಳಗಿನ ದರ್ಜೆಯ ಮಿಲ್ವಾಕೀ ತಂಡದಲ್ಲೂ ಆಡಬೇಕಾಯಿತು. ಎಂಟು ವರ್ಷದ ನಂತರ, 2006ರಲ್ಲಿ ಅದೇ ನ್ಯಾಷ್‌ವಿಲ್ ತಂಡ ಅವರನ್ನು ನಾಯಕನನ್ನಾಗಿ ಮಾಡಿತು.

ಎರಡು ಸರಾಸರಿಗಳು

ಈಗ ಲೆಕ್ಕಕ್ಕೆ ಬರೋಣ. ಐಸ್ ಹಾಕಿಯಲ್ಲಿ ಗೋಲು ಹೊಡೆದವನಿಗೆ ಒಂದು ಪಾಯಿಂಟ್, ಗೋಲಿಗೆ ಮುಂಚೆ ಪಕ್ ಕೊಟ್ಟು ನೆರವಾದವನಿಗೂ ಅಸಿಸ್ಟ್ ಎಂದು ಒಂದು ಪಾಯಿಂಟ್. 1993ರ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಕರೆಸಿಕೊಂಡವರು ಕೆನಡಾದ ಮುಂದಾಳು ಅಲೆಕ್ಸಾಂಡರ್ ಡೇಗ್. ಅವರು ಎನ್‌ಎಚ್‌ಎಲ್‌ನಲ್ಲಿ 616 ಪಂದ್ಯ ಆಡಿ 129 ಗೋಲು, 198 ಅಸಿಸ್ಟ್, ಒಟ್ಟು 327 ಪಾಯಿಂಟ್ ಗಳಿಸಿದರು. 250ನೆಯವರಾದ ಟಿಮೊನೆನ್ 1108 ಪಂದ್ಯ ಆಡಿ 117 ಗೋಲು, 454 ಅಸಿಸ್ಟ್, ಒಟ್ಟು 571 ಪಾಯಿಂಟ್ ಗಳಿಸಿದರು.

ಪ್ರತಿ ಪಂದ್ಯದ ಸರಾಸರಿ ತೆಗೆಯಿರಿ. ಡೇಗ್ ಅವರದು 0.53. ಟಿಮೊನೆನ್ ಅವರದು 0.52. ಹೆಚ್ಚುಕಡಿಮೆ ಒಂದೇ, ಕೂದಲೆಳೆಯಷ್ಟು ಡೇಗ್ ಮುಂದೆ.

ಈ ಸರಾಸರಿ ಸುಳ್ಳಲ್ಲ. ಆದರೆ ಅದು ಎರಡು ಮಾತುಗಳನ್ನು ಹೇಳದೆ ಬಿಡುತ್ತದೆ. ಒಂದು, ಡೇಗ್ ಮುಂದಾಳು, ಪಾಯಿಂಟ್ ಗಳಿಸುವುದೇ ಅವರ ಮುಖ್ಯ ಕೆಲಸ. ಟಿಮೊನೆನ್‌ಗೆ ಅದು ಎರಡನೆಯ ಕೆಲಸ. ಮೊದಲ ಕೆಲಸಕ್ಕೆ ಈ ಲೆಕ್ಕದಲ್ಲಿ ಅಂಕಣವೇ ಇಲ್ಲ. ಎರಡು, ಸರಾಸರಿಯಲ್ಲಿ ಪಂದ್ಯಗಳ ಸಂಖ್ಯೆ ಛೇದದಲ್ಲಿ ಅಡಗಿ ಹೋಗುತ್ತದೆ. 616 ಪಂದ್ಯ ಆಡುವುದೇನೂ ಸಣ್ಣ ಸಾಧನೆಯಲ್ಲ. ಆದರೆ 1108 ಎಂದರೆ ಅದಕ್ಕಿಂತ ಆರು ಸೀಸನ್ ಹೆಚ್ಚು. ಅಷ್ಟು ಕಾಲ ತರಬೇತುದಾರರು ಒಬ್ಬರಾದ ಮೇಲೆ ಒಬ್ಬರು 'ಇವರನ್ನು ಇಳಿಸಿ' ಎಂದರು. ಯಾವುದೇ ಅಂಕಕ್ಕಿಂತ ದೊಡ್ಡ ಸಾಕ್ಷಿ ಅದು.

ರಕ್ಷಣೆಯನ್ನು ಅಳೆಯಲು ಎನ್‌ಎಚ್‌ಎಲ್ ಬಹಳ ಕಾಲದಿಂದ ಬಳಸುವ ಒಂದು ಲೆಕ್ಕವಿದೆ, ಪ್ಲಸ್-ಮೈನಸ್. ಎರಡೂ ಕಡೆ ಸಮಾನ ಸಂಖ್ಯೆಯ ಆಟಗಾರರು ಇದ್ದಾಗ ನಿಮ್ಮ ತಂಡ ಗೋಲು ಹೊಡೆದರೆ ಅಂಗಳದಲ್ಲಿರುವ ನಿಮಗೆ ಪ್ಲಸ್ ಒಂದು. ಗೋಲು ಬಿಟ್ಟರೆ ಮೈನಸ್ ಒಂದು. ಒಳ್ಳೆಯ ಯೋಚನೆಯೇ. ಆದರೆ ತರಬೇತುದಾರ ತನ್ನ ನಂಬಿಕಸ್ಥ ಆಟಗಾರನನ್ನು ಯಾವಾಗ ಇಳಿಸುತ್ತಾನೆ? ಎದುರಾಳಿಯ ಅತ್ಯುತ್ತಮ ಮುಂದಾಳುಗಳು ಇಳಿದಾಗ. ಕಷ್ಟದ ಕೆಲಸ ಯಾರಿಗೆ ಕೊಡುತ್ತಾರೋ ಅವರ ಲೆಕ್ಕದಲ್ಲೇ ಮೈನಸ್ ಹೆಚ್ಚು ಬೀಳಬಹುದು. ಗಂಭೀರ ರೋಗಿಗಳನ್ನು ಮಾತ್ರ ನೋಡುವ ವೈದ್ಯರ ವಾರ್ಡಿನಲ್ಲಿ ಸಾವು ಹೆಚ್ಚು ಕಂಡರೆ ಅವರು ಕೆಟ್ಟ ವೈದ್ಯರೇ? ಹೋಲಿಸುವ ಮುಂಚೆ ಎರಡೂ ಕಡೆಯ ಪರಿಸ್ಥಿತಿ ಒಂದೇ ಆಗಿದೆಯೇ ಎಂದು ಕೇಳಬೇಕು. ಪರೀಕ್ಷೆಯ ದೃಷ್ಟಿಯಿಂದಲೂ ಇದನ್ನು ನೆನಪಿಡಿ.

ಇನ್ನೊಂದು ಎಚ್ಚರಿಕೆ. 250ನೆಯವರೊಬ್ಬರು ಗೆದ್ದರು ಎಂದ ಮಾತ್ರಕ್ಕೆ ರ‍್ಯಾಂಕ್‌ಗೆ ಅರ್ಥವಿಲ್ಲ ಎಂದು ತೀರ್ಮಾನಿಸಬೇಡಿ. ಅದೇ 1993ರ ಎರಡನೇ ಆಯ್ಕೆ ಕ್ರಿಸ್ ಪ್ರಾಂಗರ್, 198 ಸೆಂ.ಮೀ. ಎತ್ತರದ ರಕ್ಷಣಾ ಆಟಗಾರ. ಅವರು ತಮ್ಮ ಕಾಲದ ಅತ್ಯುತ್ತಮರಲ್ಲಿ ಒಬ್ಬರಾದರು. ಡ್ರಾಫ್ಟ್‌ನ ಕೊನೆಯ ಸುತ್ತುಗಳಲ್ಲಿ ಕರೆಸಿಕೊಂಡವರಲ್ಲಿ ಹೆಚ್ಚಿನವರು ಎನ್‌ಎಚ್‌ಎಲ್ ಅಂಗಳಕ್ಕೆ ಇಳಿಯುವುದೇ ಇಲ್ಲ. ಗೆದ್ದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ, ಉಳಿದವರದು ಬೀಳುವುದಿಲ್ಲ. ಒಂದು ಉದಾಹರಣೆ ನಿಯಮವಾಗುವುದಿಲ್ಲ. ಅದು ಹೇಳುವುದು ಇಷ್ಟೇ: ರ‍್ಯಾಂಕ್ ಒಂದು ದಿನದ ಅಂದಾಜು, ತೀರ್ಪಲ್ಲ. 2009ರಲ್ಲಿ ಪ್ರಾಂಗರ್ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡಕ್ಕೆ ಬಂದಾಗ ಅಲ್ಲಿ ಟಿಮೊನೆನ್ ಆಗಲೇ ಇದ್ದರು. ಎರಡನೆಯವರೂ 250ನೆಯವರೂ ಒಂದೇ ಗೋಲಿನ ಮುಂದೆ ಕಾವಲು ನಿಂತರು.

ಹಾಜರಾತಿ ಶೇ 96

ನ್ಯಾಷ್‌ವಿಲ್‌ನಲ್ಲಿ ಟಿಮೊನೆನ್ 573 ಪಂದ್ಯ ಆಡಿದರು. 2006-07ರಲ್ಲಿ 13 ಗೋಲು, 42 ಅಸಿಸ್ಟ್ ಸೇರಿ 55 ಪಾಯಿಂಟ್ ಗಳಿಸಿದ್ದು ಅವರ ಜೀವನದ ಅತ್ಯುತ್ತಮ ಸೀಸನ್. 2007ರ ಬೇಸಿಗೆಯಲ್ಲಿ ಅವರನ್ನು ಫಿಲಡೆಲ್ಫಿಯಾಕ್ಕೆ ಬಿಟ್ಟುಕೊಡಲಾಯಿತು. ಆಗ ಫ್ಲೈಯರ್ಸ್ ಇಡೀ ಲೀಗ್‌ನ ಕಟ್ಟಕಡೆಯ ತಂಡ. ಮುಂದಿನ ವರ್ಷವೇ ಆ ತಂಡ ಪ್ಲೇಆಫ್‌ನ ಮೂರನೇ ಸುತ್ತಿನವರೆಗೆ ಹೋಯಿತು. ಎಲ್ಲವೂ ಒಬ್ಬರಿಂದಲೇ ಆಯಿತು ಎನ್ನಲಾಗದು, ಆ ಬೇಸಿಗೆಯಲ್ಲಿ ಬಂದ ಹೊಸಬರು ಹಲವರಿದ್ದರು.

ಫ್ಲೈಯರ್ಸ್ ಪರ ಏಳು ಸೀಸನ್‌ಗಳಲ್ಲಿ ಅವರು ಆಡಿದ ಪಂದ್ಯಗಳ ಸಂಖ್ಯೆ ಹೀಗಿದೆ:

2007-08: 80
2008-09: 77
2009-10: 82
2010-11: 82
2011-12: 76
2012-13: 45
2013-14: 77

2012-13ರಲ್ಲಿ ಮಾಲೀಕರು ಮತ್ತು ಆಟಗಾರರ ನಡುವಿನ ವಿವಾದದಿಂದ ಸೀಸನ್ 48 ಪಂದ್ಯಗಳಿಗೆ ಇಳಿಯಿತು. ಹಾಗಾಗಿ ನಡೆದ ಪಂದ್ಯಗಳು 540, ಅವರು ಆಡಿದ್ದು 519. ಶೇಕಡಾವಾರು 96.

ನಿಮಗೆ ಪರೀಕ್ಷೆ ಬರೆಯಲು ಶೇ 75 ಹಾಜರಾತಿ ಬೇಕು ಎಂದಾಗ ಮುಖ ಸಣ್ಣದು ಮಾಡುತ್ತೀರಲ್ಲ, ಅವರಿಗೆ ಅಂಥ ನಿಯಮವಿರಲಿಲ್ಲ. ವಯಸ್ಸು 32ರಿಂದ 39. ವೇಗವಾಗಿ ಬರುವ ಪಕ್‌ಗೆ ಮೈಯೊಡ್ಡಿ ತಡೆಯುವ ಕೆಲಸ. ಏಳು ಸೀಸನ್‌ನಲ್ಲಿ ತಪ್ಪಿಸಿಕೊಂಡದ್ದು 21 ಪಂದ್ಯ ಮಾತ್ರ. ತರಬೇತುದಾರನ ದೃಷ್ಟಿಯಿಂದ ನೋಡಿ. ನಾಳೆಯ ಪಂದ್ಯಕ್ಕೆ ಯೋಜನೆ ಬರೆಯುವಾಗ ಒಂದು ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವ ಅಗತ್ಯವೇ ಇಲ್ಲ. ನಂಬಿಕಸ್ಥ ಎಂಬ ಮಾತಿಗೆ ಅಂಕಿಗಳಲ್ಲಿ ಇದಕ್ಕಿಂತ ಹತ್ತಿರದ ಅರ್ಥ ನನಗೆ ಸಿಕ್ಕಿಲ್ಲ.

ಸಣ್ಣ ಸಂಭಾವ್ಯತೆ ಸೊನ್ನೆಯಲ್ಲ

2010ರ ಪ್ಲೇಆಫ್‌ನಲ್ಲಿ ಫ್ಲೈಯರ್ಸ್ ಬಾಸ್ಟನ್ ವಿರುದ್ಧ ಮೊದಲ ಮೂರೂ ಪಂದ್ಯ ಸೋತು, ನಂತರದ ನಾಲ್ಕನ್ನೂ ಗೆದ್ದು ಮುಂದೆ ಸಾಗಿತು. ಎನ್‌ಎಚ್‌ಎಲ್ ಇತಿಹಾಸದಲ್ಲಿ ಇದು ಬಹಳ ಅಪರೂಪ. ಫೈನಲ್‌ನಲ್ಲಿ ಎದುರಾಳಿ ಷಿಕಾಗೊ ಬ್ಲ್ಯಾಕ್‌ಹಾಕ್ಸ್. ಜೂನ್ 9ರಂದು ಫಿಲಡೆಲ್ಫಿಯಾದಲ್ಲಿ ಆರನೇ ಪಂದ್ಯ ಸಮನಾಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ಷಿಕಾಗೊದ ಪ್ಯಾಟ್ರಿಕ್ ಕೇನ್ ಎಡಬದಿಯಿಂದ ಪಕ್ ಹಿಡಿದು ನುಗ್ಗಿದರು. ಅವರ ಎದುರಿಗೆ ನಿಂತಿದ್ದವರು ಟಿಮೊನೆನ್. ಕೇನ್ ಅವರನ್ನು ದಾಟಿ, ಬಹಳ ಕಿರಿದಾದ ಕೋನದಿಂದ ಹೊಡೆದರು. ಪಕ್ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಕೇನ್ ಒಬ್ಬರೇ ಕೈಯೆತ್ತಿ ಓಡಿದರು. ಪಕ್ ಗೋಲಿನ ಒಳಗೆ ಸಿಕ್ಕಿಕೊಂಡಿತ್ತು. ಸ್ಟ್ಯಾನ್ಲಿ ಕಪ್ ಷಿಕಾಗೊ ಪಾಲಾಯಿತು.

ಈ ಪಾಠದ ಮೊದಲಿಗೆ ಹೇಳಿದ ಕೋನದ ಲೆಕ್ಕ ನೆನಪಿಸಿಕೊಳ್ಳಿ. ಕೋನ ಕಿರಿದಾದಷ್ಟೂ ಗೋಲಿನ ಸಂಭಾವ್ಯತೆ ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ರಕ್ಷಣಾ ಆಟಗಾರನ ಬದುಕಿನ ಕಹಿಸತ್ಯ ಇದು. ಸಾವಿರ ಸಲ ತಡೆದದ್ದು ದಾಖಲಾಗುವುದಿಲ್ಲ, ಒಂದು ಸಲ ದಾಟಿ ಹೋದದ್ದು ಶಾಶ್ವತವಾಗಿ ದೃಶ್ಯಗಳಲ್ಲಿ ಉಳಿಯುತ್ತದೆ. ಅದಾದ ಮೇಲೆ ಮುಂದಿನ ಸೀಸನ್‌ನಲ್ಲಿ ಅವರು ಎಷ್ಟು ಪಂದ್ಯ ಆಡಿದರು? ಮೇಲಿನ ಪಟ್ಟಿ ನೋಡಿ. 82ಕ್ಕೆ 82.

ದೇಶದ ಪರವಾಗಿಯೂ ಅವರ ದಾಖಲೆ ಇಂಥದ್ದೇ. 1998ರಿಂದ 2014ರವರೆಗಿನ ಐದೂ ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಆಡಿದರು. 2002ರಲ್ಲಿ ಮಾತ್ರ ಪದಕವಿಲ್ಲ. 2006ರ ಟುರಿನ್‌ನಲ್ಲಿ ಫಿನ್ಲೆಂಡ್ ಒಂದೂ ಪಂದ್ಯ ಸೋಲದೆ ಫೈನಲ್ ತಲುಪಿ, ಸ್ವೀಡನ್‌ಗೆ 3-2ರಿಂದ ಸೋತು ಬೆಳ್ಳಿಗೆ ನಿಂತಿತು. 1998, 2010, 2014ರಲ್ಲಿ ಕಂಚು. ಸೋಚಿಯಲ್ಲಿ ಅಮೆರಿಕವನ್ನು 5-0ಯಿಂದ ಸೋಲಿಸಿ ಕೊನೆಯ ಪದಕ ಗೆದ್ದಾಗ ಅವರಿಗೆ 38 ವರ್ಷ. 55 ಲಕ್ಷ ಜನರ ದೇಶ ಹತ್ತಿರ ಹತ್ತಿರ ಎರಡು ದಶಕ ದೊಡ್ಡ ದೇಶಗಳ ಸರಿಸಮ ನಿಂತದ್ದು ಇಂಥ ಆಟಗಾರರಿಂದ.

ರಕ್ತ ಹೆಪ್ಪುಗಟ್ಟಿದಾಗ

2014-15 ತಮ್ಮ ಕೊನೆಯ ಸೀಸನ್ ಎಂದು ಅವರು ತೀರ್ಮಾನಿಸಿದ್ದರು. ಆದರೆ 2014ರ ಆಗಸ್ಟ್‌ನಲ್ಲಿ ಅವರ ಬಲಗಾಲಿನಲ್ಲೂ ಶ್ವಾಸಕೋಶಗಳಲ್ಲೂ ರಕ್ತ ಹೆಪ್ಪುಗಟ್ಟಿರುವುದು ಪತ್ತೆಯಾಯಿತು. 2008ರ ಪ್ಲೇಆಫ್ ಸಮಯದಲ್ಲೂ ಎಡಪಾದದಲ್ಲಿ ಹೀಗೇ ಆಗಿ ಕೆಲವು ಪಂದ್ಯ ಬಿಟ್ಟಿದ್ದರು. ಈ ಸಲದ್ದು ಪ್ರಾಣಕ್ಕೇ ಅಪಾಯ.

ಜೀವಶಾಸ್ತ್ರ ಓದುವವರು ರಕ್ತದ ದಾರಿಯನ್ನು ನೆನಪಿಸಿಕೊಳ್ಳಿ. ಕಾಲಿನ ಆಳದ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಕಳಚಿಕೊಂಡರೆ ಕೆಳಗಿನ ಮಹಾಭಿಧಮನಿಯ ಮೂಲಕ ಹೃದಯದ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ, ಅಲ್ಲಿಂದ ಶ್ವಾಸಕೋಶದ ಅಪಧಮನಿಗೆ ಹೋಗುತ್ತದೆ. ಮುಂದೆ ರಕ್ತನಾಳಗಳು ಕಿರಿದಾಗುತ್ತಾ ಹೋಗುವುದರಿಂದ ಅಲ್ಲಿ ಸಿಕ್ಕಿಕೊಂಡು ರಕ್ತಸಂಚಾರ ತಡೆಯುತ್ತದೆ. ಚಿಕಿತ್ಸೆಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧ ಕೊಡುತ್ತಾರೆ. ಆ ಔಷಧ ತೆಗೆದುಕೊಳ್ಳುವಾಗ ಪೆಟ್ಟು ಬಿದ್ದರೆ ರಕ್ತ ನಿಲ್ಲುವುದು ಕಷ್ಟ. ಮೈಗೆ ಮೈ ಡಿಕ್ಕಿ ಹೊಡೆಯುವ ಆಟದಲ್ಲಿ ಅದು ಸಾಧ್ಯವೇ ಇಲ್ಲ.

ಅವರು ಅರ್ಧ ವರ್ಷಕ್ಕೂ ಹೆಚ್ಚು ಕಾಲ ಆಟದಿಂದ ದೂರ ಉಳಿದರು. ವೈದ್ಯರು ಅನುಮತಿ ಕೊಟ್ಟ ಮೇಲೆಯೇ 2015ರ ಫೆಬ್ರುವರಿ ಕೊನೆಯಲ್ಲಿ ಫ್ಲೈಯರ್ಸ್ ಅವರನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತು. ಯಾವ ತಂಡ? ಐದು ವರ್ಷದ ಹಿಂದೆ ಅವರ ಕೈಯಿಂದ ಕಪ್ ಕಿತ್ತುಕೊಂಡ ಷಿಕಾಗೊ. ಕೇನ್ ಈಗ ಅವರ ಜೊತೆಗಾರ.

ಈ ಭಾಗವನ್ನು ಓದುವಾಗ ಒಂದು ಮಾತು ಸ್ಪಷ್ಟವಾಗಿರಲಿ. ನೋವನ್ನು ಮುಚ್ಚಿಟ್ಟುಕೊಂಡು ಆಡುವುದು ಶೌರ್ಯ ಎಂದು ನಾನು ಹೇಳುತ್ತಿಲ್ಲ. ಜ್ವರವಿದ್ದರೂ ಔಷಧ ನುಂಗಿ ಕ್ರೀಡಾಕೂಟಕ್ಕೆ ಓಡುವವರು, ಪರೀಕ್ಷೆಗೆ ರಾತ್ರಿಯಿಡೀ ನಿದ್ದೆಗೆಟ್ಟು ತರಗತಿಯಲ್ಲಿ ತಲೆಸುತ್ತಿ ಬೀಳುವವರು ನಮ್ಮಲ್ಲೂ ಇದ್ದಾರೆ. ಅದು ನಂಬಿಕಸ್ಥರ ಲಕ್ಷಣವಲ್ಲ. ಕಾಯಿಲೆ ಹೇಳಿಕೊಂಡು, ಚಿಕಿತ್ಸೆ ಪಡೆದು, ವೈದ್ಯರ ಮಾತಿಗೆ ಕಾದು ಮರಳುವವರ ಮೇಲೆ ಮಾತ್ರ ಇತರರು ಭಾರ ಹಾಕಬಹುದು.

ಮರಳಿದ ಮೇಲೆ ಅವರು ಹಳೆಯ ಟಿಮೊನೆನ್ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮಾರ್ಚ್‌ನಲ್ಲಿ 40 ತುಂಬಿತು. ಷಿಕಾಗೊ ಪರ ಸಾಮಾನ್ಯ ಸೀಸನ್‌ನಲ್ಲಿ 16 ಪಂದ್ಯ, ಪ್ಲೇಆಫ್‌ನಲ್ಲಿ 18 ಪಂದ್ಯ. ಗೋಲು ಸೊನ್ನೆ, ಅಸಿಸ್ಟ್ ಸೊನ್ನೆ. ಪ್ಲೇಆಫ್ ಮುಂದುವರಿದಂತೆ ಅವರಿಗೆ ಸಿಗುತ್ತಿದ್ದ ನಿಮಿಷಗಳೂ ಕಡಿಮೆಯಾದವು. ರಕ್ಷಣೆಯ ನಿಜವಾದ ಭಾರ ಹೊತ್ತವರು ಡಂಕನ್ ಕೀತ್ ಮತ್ತಿತರ ಕಿರಿಯರು.

2015ರ ಜೂನ್ 15ರಂದು ಷಿಕಾಗೊ ಟ್ಯಾಂಪಾ ಬೇ ಲೈಟ್ನಿಂಗ್ ತಂಡವನ್ನು 2-0ಯಿಂದ ಸೋಲಿಸಿ ಕಪ್ ಗೆದ್ದಿತು. ರೂಢಿಯಂತೆ ನಾಯಕ ಮೊದಲು ಕಪ್ ಎತ್ತಿ, ಆಮೇಲೆ ತಾನು ಆರಿಸಿದವರ ಕೈಗೆ ಕೊಡುತ್ತಾನೆ. ಆ ಎರಡನೆಯ ಕೈ ಯಾರದೆಂಬುದು ದೊಡ್ಡ ಗೌರವ. ನಾಯಕ ಜೊನಾಥನ್ ಟೇವ್ಸ್ ತಮ್ಮೊಂದಿಗೆ ವರ್ಷಗಟ್ಟಲೆ ಆಡಿದ ಯಾರನ್ನಾದರೂ ಕರೆಯಬಹುದಿತ್ತು. ಅವರು ಕರೆದದ್ದು ನಾಲ್ಕು ತಿಂಗಳ ಹಿಂದಷ್ಟೇ ಬಂದ, ಒಂದೂ ಪಾಯಿಂಟ್ ಗಳಿಸದ ಟಿಮೊನೆನ್ ಅವರನ್ನು. 16 ಸೀಸನ್ ಕಾದ ಕಪ್ಪನ್ನು ಅವರು ತಲೆಯ ಮೇಲೆ ಎತ್ತಿ ಹಿಡಿದರು. ಅಲ್ಲಿಗೆ ಅವರ ಆಟ ಮುಗಿಯಿತು.

ಪಾಯಿಂಟ್ ಪಟ್ಟಿಯನ್ನು ಮಾತ್ರ ನೋಡಿದರೆ ಟೇವ್ಸ್ ಮಾಡಿದ್ದು ಅರ್ಥವಾಗುವುದಿಲ್ಲ. ಅಂಗಳದಲ್ಲಿ ಇದ್ದವರಿಗೆ ಗೊತ್ತಿತ್ತು.

ಅಮಾನತ್

ನಮ್ಮ ಕಾಲೇಜಿನಲ್ಲಿ ಅಮಾನತ್ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಒಬ್ಬರು ನಂಬಿ ಒಪ್ಪಿಸಿದ್ದನ್ನು ಹಾಗೆಯೇ ಕಾಪಾಡಿ ಮರಳಿಸುವ ಹೊಣೆ ಅದು. ಪ್ರವಾದಿ ಮುಹಮ್ಮದ್ (ಸ) ಅವರಿಗೆ ಪ್ರವಾದಿತ್ವ ದೊರೆಯುವ ಮೊದಲೇ ಮಕ್ಕಾದ ಜನ ಕೊಟ್ಟ ಹೆಸರು ಅಲ್-ಅಮೀನ್, ಅಂದರೆ ನಂಬಿಕೆಗೆ ಅರ್ಹರು. ಆ ಹೆಸರು ಒಂದು ದಿನದ ಒಂದು ದೊಡ್ಡ ಕೆಲಸದಿಂದ ಬಂದದ್ದಲ್ಲ. ವ್ಯಾಪಾರದಲ್ಲಿ, ಮಾತಿನಲ್ಲಿ, ಜನ ಇಟ್ಟು ಹೋದ ವಸ್ತುಗಳನ್ನು ಕಾಯುವುದರಲ್ಲಿ ವರ್ಷ ವರ್ಷ ಕಂಡು ಜನ ಕೊಟ್ಟದ್ದು. ಯಾವ ಧರ್ಮದ ವಿದ್ಯಾರ್ಥಿಗೂ ಈ ಪಾಠ ಹೊಸದಲ್ಲ. ಆಟಗಾರನೊಬ್ಬನ ಲೆಕ್ಕದ ಮೂಲಕ ನಾನು ತೋರಿಸಲು ಹೊರಟದ್ದು ಇಷ್ಟನ್ನೇ: ನಂಬಿಕೆಯನ್ನು ನೇರವಾಗಿ ಅಳೆಯುವ ಅಂಕ ಇಲ್ಲ. ಆದರೆ ಅದು ಗುರುತು ಬಿಟ್ಟು ಹೋಗುತ್ತದೆ. ಹಾಜರಾತಿಯಲ್ಲಿ, ಆಡಿದ ವರ್ಷಗಳಲ್ಲಿ, ಕಷ್ಟದ ಕೆಲಸ ಯಾರಿಗೆ ಒಪ್ಪಿಸುತ್ತಾರೆ ಎಂಬುದರಲ್ಲಿ.

ನಿಮ್ಮಲ್ಲಿ ಕೆಲವರ ರ‍್ಯಾಂಕ್ ಈ ವರ್ಷ ಮುಂದೆ ಬರುತ್ತದೆ, ಕೆಲವರದು ಬಹಳ ಹಿಂದೆ ಉಳಿಯುತ್ತದೆ. ಫಲಿತಾಂಶದ ದಿನ ನನ್ನ ಬಳಿ ಬಂದು ಮಾತಾಡದೆ ನಿಲ್ಲುವ ಮಕ್ಕಳನ್ನು ಪ್ರತಿವರ್ಷ ನೋಡುತ್ತೇನೆ. 250 ಎಂಬ ಸಂಖ್ಯೆಯ ಮುಂದೆ 1108 ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮೊದಲನೆಯದನ್ನು ಬೇರೆಯವರು ಕೊಟ್ಟರು. ಎರಡನೆಯದನ್ನು ಅವರು ಒಂದೊಂದಾಗಿ ಕೂಡಿಸಿದರು.

ಅಭ್ಯಾಸ

1. ಫ್ಲೈಯರ್ಸ್ ಪರ ಏಳು ಸೀಸನ್‌ಗಳ ಹಾಜರಾತಿಯನ್ನು ಪ್ರತ್ಯೇಕವಾಗಿ ಶೇಕಡಾವಾರು ಲೆಕ್ಕ ಹಾಕಿ. ಅತಿ ಕಡಿಮೆ ಯಾವ ವರ್ಷ? 45 ಎಂಬುದು ಅತಿ ಸಣ್ಣ ಸಂಖ್ಯೆಯಾದರೂ ಅತಿ ಕಡಿಮೆ ಹಾಜರಾತಿ ಏಕೆ ಅಲ್ಲ?

2. 286 ಮಂದಿಯ ಪಟ್ಟಿಯಲ್ಲಿ 250ನೇ ಸ್ಥಾನದಲ್ಲಿರುವವನು ಶೇಕಡಾ ಎಷ್ಟು ಮಂದಿಗಿಂತ ಮುಂದಿದ್ದಾನೆ?

3. ವಿಜ್ಞಾನ ವಿಭಾಗಕ್ಕೆ: ಗೋಲಿನ ನೇರ ಎದುರಿಗೆ 20 ಅಡಿ ದೂರದಲ್ಲಿ ಕೋನ ಸುಮಾರು 17 ಡಿಗ್ರಿ ಎಂದೆ. ಟ್ಯಾಂಜೆಂಟ್ ಬಳಸಿ ಸಾಧಿಸಿ. ದೂರ 40 ಅಡಿಯಾದರೆ ಕೋನ ಸರಿಯಾಗಿ ಅರ್ಧವಾಗುತ್ತದೆಯೇ?

4. ವಾಣಿಜ್ಯ ವಿಭಾಗಕ್ಕೆ: ಒಂದು ಅಂಗಡಿಯಲ್ಲಿ ಮಾರಾಟ ಮಾಡುವವರ ಕೆಲಸವನ್ನು ಮಾರಾಟದ ಮೊತ್ತದಿಂದ ಅಳೆಯುತ್ತಾರೆ. ಲೆಕ್ಕಪತ್ರ ಪರಿಶೀಲಿಸುವವರ ಕೆಲಸವನ್ನು ಯಾವುದರಿಂದ ಅಳೆಯುತ್ತೀರಿ?

5. ಎಲ್ಲರಿಗೂ: ನಿಮ್ಮ ಮನೆಯಲ್ಲಿ ಅಥವಾ ನಮ್ಮ ಕಾಲೇಜಿನಲ್ಲಿ, ಯಾರ ಕೆಲಸದಿಂದ ಏನೋ ಒಂದು ಕೆಡುಕು ದಿನವೂ ಆಗದೆ ಉಳಿದಿದೆಯೋ ಅಂಥ ಒಬ್ಬರನ್ನು ಗುರುತಿಸಿ. ಒಂದು ವಾರ ಗಮನಿಸಿ, ಅವರ ಕೆಲಸದಲ್ಲಿ ಎಣಿಸಬಹುದಾದ ಒಂದು ಸಂಗತಿಯನ್ನು ದಿನಕ್ಕೊಂದು ಸಾಲಿನಂತೆ ಪಟ್ಟಿ ಮಾಡಿ. ಪಟ್ಟಿಯನ್ನು ನನಗೆ ತೋರಿಸುವ ಮುಂಚೆ ಅವರಿಗೆ ತೋರಿಸಿ.